ಜರ್ಬಿಲ್ ತರಿಸುವ ಮುಂಚೆ ಓದಿ: ಅನಿಮಲ್ ಹೌಸ್‌ನಿಂದ ಒಂದು ರಿವ್ಯೂ

ಜರ್ಬಿಲ್ ಅಂದರೆ ಲ್ಯಾಬುಗಳಲ್ಲಿ ಪ್ರಯೋಗಕ್ಕೆ ಸಾಕುವ, ಇಲಿಯಂಥ ಒಂದು ಸಣ್ಣ ಪ್ರಾಣಿ. ಒಳ್ಳೆಯ ಪ್ರಾಣಿ. ಆದರೆ ಅದನ್ನು ಇಟ್ಟುಕೊಳ್ಳೋದಕ್ಕೆ ಅಂತ ನಮಗೆ ಮಾರುವ ಕೇಜು, ನೀರಿನ ಬಾಟಲಿ, ಹಾಸು ಯಾವುದೂ ಅದಕ್ಕೆ ಹೊಂದುವುದಿಲ್ಲ. ಎರಡು ಸಾಲಿನ ರಿವ್ಯೂ ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ತರಿಸಬೇಕೋ ಬೇಡವೋ ಅಂತ ನಿಜವಾಗಿಯೂ ಯೋಚಿಸುತ್ತಿರುವವರು ಮುಂದೆ ಓದಿ.

ನಾನು ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲಿ ಓದಿದವಳು. ಹಸು, ಎಮ್ಮೆ, ಕುರಿ ನೋಡಬೇಕಾಗಿದ್ದವಳು ಮದುವೆಯಾಗಿ ಅಮೆರಿಕಕ್ಕೆ ಬಂದು ಒಂದು ಯೂನಿವರ್ಸಿಟಿಯ ಅನಿಮಲ್ ಹೌಸ್, ಅಂದರೆ ಪ್ರಯೋಗದ ಪ್ರಾಣಿಗಳನ್ನು ಸಾಕುವ ಕಡೆ, ಸೇರಿಕೊಂಡೆ. ಪ್ರಯೋಗ ಮಾಡುವವರು ಬೇರೆ. ಪ್ರಾಣಿ ತಿಂದಿತಾ, ಕುಡಿಯಿತಾ, ಮೈ ಹೇಗಿದೆ, ಜೊತೆಗಾರನ ಜೊತೆ ಸರಿಹೋಗಿದೆಯಾ ಅಂತ ದಿನಾ ನೋಡುವುದು ನಾನು ಮತ್ತು ನನ್ನ ಜೊತೆಯ ಟೆಕ್ನಿಷಿಯನ್‌ಗಳು. ಅಮ್ಮ ಫೋನಿನಲ್ಲಿ, "ಇಲಿಗೆ ಮರಳು ಹಾಕೋಕೆ ಅಷ್ಟೆಲ್ಲಾ ಓದ್ಬೇಕಿತ್ತೇನೇ?" ಅಂತ ಕೇಳುತ್ತಾಳೆ. ಬೇಕಿತ್ತು. ಯಾವ ಮರಳು ಅನ್ನೋದೇ ಅರ್ಧ ಕೆಲಸ.

ನಮ್ಮಲ್ಲಿ ಜರ್ಬಿಲ್ ತರಿಸಿದ್ದು ಕಿವಿಯ ಮೇಲೆ ಕೆಲಸ ಮಾಡುವ ಒಂದು ಲ್ಯಾಬಿಗಾಗಿ. ಲ್ಯಾಬಿನ ಮಾಮೂಲಿ ಇಲಿಗೆ (ಮೌಸ್; ದೊಡ್ಡ ಇಲಿಯನ್ನು ರ‍್ಯಾಟ್ ಅಂತಲೇ ಬರೆಯುತ್ತೇನೆ) ಕೀಚಲು ದನಿ ಚೆನ್ನಾಗಿ ಕೇಳಿಸುತ್ತದೆ. ಆದರೆ ನಾವು ಮಾತಾಡುವ ದನಿಯ ಬಹುಪಾಲು ಇರುವುದು 4 ಕಿಲೋಹರ್ಟ್ಸ್‌ಗಿಂತ ಕೆಳಗೆ. ಅಲ್ಲಿ ಇಲಿಯ ಕಿವಿ ಮಂದ. ಜರ್ಬಿಲ್‌ಗೆ ಅಲ್ಲಿಯೂ ಕೇಳಿಸುತ್ತದೆ. ಮರುಭೂಮಿ, ಬಯಲುಸೀಮೆಯ ಹಲವು ಸಣ್ಣ ಪ್ರಾಣಿಗಳ ಹಾಗೆ ಇದಕ್ಕೂ ಕಿವಿಯ ಹಿಂದಿನ ಮೂಳೆಯ ಗುಳ್ಳೆ ದೊಡ್ಡದು, ಗೋಡೆ ತೆಳು. ಅದರಿಂದ ಇನ್ನೊಂದು ಲಾಭ: ಒಳಗಿವಿಯ ಹತ್ತಿರ ಹೋಗಲು ಸರ್ಜನ್‌ಗೆ ಜಾಸ್ತಿ ಕೊರೆಯಬೇಕಿಲ್ಲ. ಸದ್ದು ಯಾವ ಕಡೆಯಿಂದ ಬಂತು ಅಂತ ಮಿದುಳು ಹೇಗೆ ಲೆಕ್ಕ ಹಾಕುತ್ತದೆ ಎಂಬುದರ ಬಗ್ಗೆ ಮ್ಯೂನಿಕ್‌ನ ಬೆನೆಡಿಕ್ಟ್ ಗ್ರೋಥೆ ಅವರ ತಂಡ 2002ರಲ್ಲಿ ಪ್ರಕಟಿಸಿದ ಹೆಸರಾಂತ ಕೆಲಸ ಜರ್ಬಿಲ್ ಮೇಲೆಯೇ ನಡೆದದ್ದು. ಹಾಗಾಗಿ ನಮ್ಮ ಪ್ರೊಫೆಸರ್ ಇದನ್ನು ಕೇಳಿದ್ದರಲ್ಲಿ ತಪ್ಪೇನಿಲ್ಲ.

ಮೊದಲು ಮಾಲಿನ ಬಗ್ಗೆ ಹೇಳುತ್ತೇನೆ. ನಾವು ಹೇಳುತ್ತಿರುವುದು ಮಂಗೋಲಿಯನ್ ಜರ್ಬಿಲ್. ಮರಳಿನ ಬಣ್ಣದ ಮೈ, ಬಿಳಿಚಿದ ಹೊಟ್ಟೆ, ತುದಿಯಲ್ಲಿ ಕಪ್ಪು ಕುಚ್ಚಿರುವ ರೋಮದ ಬಾಲ. ದೊಡ್ಡದಾದ ಮೇಲೂ ಹೆಚ್ಚೆಂದರೆ 100 ಗ್ರಾಂ ಆಸುಪಾಸು. ಕೇಜ್ ತೆಗೆದರೆ ಓಡಿಹೋಗಿ ಮೂಲೆ ಸೇರುವ ಬದಲು ಹಿಂಗಾಲ ಮೇಲೆ ನಿಂತು ನಿಮ್ಮನ್ನೇ ನೋಡುತ್ತದೆ. ಕಚ್ಚುವುದು ತೀರಾ ಕಡಿಮೆ. ನನ್ನ ಟೆಕ್ನಿಷಿಯನ್‌ಗಳು ರಜಾ ದಿನದ ಡ್ಯೂಟಿ ಹಂಚಿಕೊಳ್ಳುವಾಗ ಈ ರೂಮಿಗಾಗಿ ಜಗಳ ಆಡುತ್ತಾರೆ. ರ‍್ಯಾಟ್ ರೂಮಿಗೆ ಯಾರೂ ಹಾಗೆ ಆಡಿದ್ದು ನಾನು ನೋಡಿಲ್ಲ.

ವಾಸನೆ ಇಲ್ಲವೇ ಇಲ್ಲ ಅನ್ನಬಹುದು. ನೀರಿಲ್ಲದ ಊರಿನ ಪ್ರಾಣಿ ಅಲ್ವಾ, ಉಚ್ಚೆ ಒಂದೆರಡು ಹನಿ, ಹಿಕ್ಕೆ ಗಟ್ಟಿ, ಒಣ. ಇಲಿಯ ಕೇಜ್ ಬದಲಾಯಿಸುವಷ್ಟು ಸಲ ಇದರದ್ದನ್ನು ಬದಲಾಯಿಸಬೇಕಿಲ್ಲ. ಈ ಒಂದು ವಿಷಯಕ್ಕೆ ಮಾತ್ರ ಐದಕ್ಕೆ ಐದು ಕೊಡುತ್ತೇನೆ.

ಇನ್ನು ವಂಶ. ಪ್ರಪಂಚದ ಲ್ಯಾಬುಗಳಲ್ಲಿ ಇರುವ ಜರ್ಬಿಲ್‌ಗಳ ಹಿಂದಿನ ಕತೆ ಚಿಕ್ಕದು. 1935ರಲ್ಲಿ ಅಮೂರ್ ನದಿಯ ಬಯಲಿನಲ್ಲಿ 20 ಜೋಡಿ ಹಿಡಿದು ಜಪಾನಿನ ಕಿಟಸಾಟೊ ಸಂಸ್ಥೆಗೆ ಒಯ್ದರು. ಅಲ್ಲಿ ಬೆಳೆದ ಸಂತತಿಯಿಂದ 1954ರಲ್ಲಿ 11 ಜೋಡಿ ಅಮೆರಿಕಕ್ಕೆ ಬಂದವು, ನ್ಯೂಯಾರ್ಕ್ ರಾಜ್ಯದ ಬ್ರಾಂಟ್ ಲೇಕ್ ಬಳಿ ಟಂಬಲ್‌ಬ್ರೂಕ್ ಫಾರ್ಮ್ ನಡೆಸುತ್ತಿದ್ದ ವಿಕ್ಟರ್ ಶ್ವೆಂಟ್ಕರ್ ಎಂಬವರ ಹತ್ತಿರ. ಅದರಲ್ಲಿ ಮರಿ ಹಾಕಿ ವಂಶ ಮುಂದುವರಿಸಿದ್ದು 5 ಹೆಣ್ಣು, 4 ಗಂಡು. ಅಷ್ಟೇ. ಆ ಕಾಲನಿ ಆಮೇಲೆ ಲ್ಯಾಬ್ ಪ್ರಾಣಿ ಮಾರುವ ಚಾರ್ಲ್ಸ್ ರಿವರ್ ಕಂಪನಿಯ ಕೈಸೇರಿತು. ಅದರ ತಳಿಯ ಹೆಸರಿನ ಕೊನೆಯಲ್ಲಿ 'ಟಮ್' ಅಂತ ಈಗಲೂ ಬರೆದಿರುತ್ತದೆ. ಅದು ಟಂಬಲ್‌ಬ್ರೂಕ್‌ನ ಗುರುತು. ಕ್ಯಾಟಲಾಗಿನಲ್ಲಿ "ಔಟ್‌ಬ್ರೆಡ್" (ಹತ್ತಿರದ ರಕ್ತಸಂಬಂಧದಲ್ಲಿ ಕೂಡಿಸದ್ದು) ಅಂತ ಓದಿ ಕಾಡಿನಷ್ಟು ವೈವಿಧ್ಯ ಇರುತ್ತದೆ ಅಂದುಕೊಳ್ಳಬೇಡಿ. ಒಂಬತ್ತು ಪ್ರಾಣಿಗಳ ಮೊಮ್ಮಕ್ಕಳ ಮೊಮ್ಮಕ್ಕಳು ಇವು.

ಅದೇ ಶ್ವೆಂಟ್ಕರ್ ಹತ್ತಿರ 1948ರಲ್ಲಿ ಚೀನಾದಿಂದ ತಂದ ಹ್ಯಾಮ್‌ಸ್ಟರ್‌ಗಳೂ ಇದ್ದವು. ಆ ವಂಶದ ಒಂದು ಹೆಣ್ಣಿನ ಅಂಡಾಶಯದಿಂದ 1957ರಲ್ಲಿ ಥಿಯೊಡೋರ್ ಪಕ್ ಎಂಬ ವಿಜ್ಞಾನಿ ತೆಗೆದ ಕೋಶಗಳೇ ಇವತ್ತು ಔಷಧ ತಯಾರಿಸಲು ಬಳಸುವ ಸಿಎಚ್‌ಒ ಕೋಶಗಳು. ಬೆಂಗಳೂರಿನ ಬಯೋಕಾನ್ ಸ್ತನ ಕ್ಯಾನ್ಸರ್‌ಗೆ ಮಾಡುವ ಟ್ರಾಸ್ಟುಜುಮಾಬ್ ಔಷಧ ತಯಾರಾಗುವುದೂ ಅಂಥ ಕೋಶಗಳಲ್ಲೇ. ಈ ವಿಷಯ ಜರ್ಬಿಲ್‌ಗೆ ಸಂಬಂಧಪಟ್ಟಿದ್ದಲ್ಲ. ಆದರೂ ನಮ್ಮೂರಿನವರಿಗೆ ಗೊತ್ತಿರಲಿ ಅಂತ ಬರೆದೆ.

ಈಗ ಡೆಲಿವರಿ. ಒಂದು ಜರ್ಬಿಲ್‌ನ ಬೆಲೆ ಮಾಮೂಲಿ ಇಲಿಯ ಬೆಲೆಯ ಹಲವು ಪಟ್ಟು. ಅಷ್ಟು ಕೊಟ್ಟ ಮೇಲೆ ಪ್ಯಾಕಿಂಗ್ ಸರಿಯಾಗಿರಬೇಕು ಅಂತ ಬಯಸುವುದು ತಪ್ಪಾ? ನಾವು ತರಿಸಿದ ಒಬ್ಬ ಸಪ್ಲೈಯರ್, ಹೆಸರು ಬೇಡ, ಬೇರೆ ಬೇರೆ ಕೇಜಿನಲ್ಲಿ ಬೆಳೆದ ದೊಡ್ಡ ಹೆಣ್ಣುಗಳನ್ನು ಒಂದೇ ಪೆಟ್ಟಿಗೆಯ ಒಂದೇ ಖಾನೆಯಲ್ಲಿ ತುಂಬಿ ಕಳಿಸಿದ್ದರು. ಇಲಿಯಾಗಿದ್ದರೆ ಬಹುಶಃ ನಡೆಯುತ್ತಿತ್ತು. ಜರ್ಬಿಲ್ ಹೆಣ್ಣುಗಳಿಗೆ ಪರಿಚಯ ಇಲ್ಲದ ಇನ್ನೊಂದು ಹೆಣ್ಣು ಅಂದರೆ ಮನೆಗೆ ನುಗ್ಗಿದ ಕಳ್ಳಿ. ಪೆಟ್ಟಿಗೆ ತೆರೆದಾಗ ಎರಡರ ಬಾಲದ ಬುಡ, ಸೊಂಟ ಎಲ್ಲಾ ಕಚ್ಚಿ ಹರಿದಿತ್ತು. ಒಂದು ಮೂಲೆಯಲ್ಲಿ ಅಲುಗಾಡದೆ ಕೂತಿತ್ತು. ಅದನ್ನು ಉಳಿಸಿಕೊಳ್ಳಲು ಆಗಲಿಲ್ಲ. ಫೋನ್ ಮಾಡಿದರೆ ಆ ಕಡೆಯ ಹುಡುಗ, "ಫಿಲ್ಟರ್ ಸರಿ ಇತ್ತಾ, ನೀರಿನ ಜೆಲ್ ಇತ್ತಾ?" ಅಂತ ತನ್ನ ಚೆಕ್‌ಲಿಸ್ಟ್ ಓದುತ್ತಾನೆ. ಎರಡೂ ಇತ್ತು ಕಣಪ್ಪಾ, ಬುದ್ಧಿ ಇರಲಿಲ್ಲ. ಬದಲಿ ಪ್ರಾಣಿ ಬಿಟ್ಟಿ ಕಳಿಸಿದರು, ಅದನ್ನು ಒಪ್ಪಿಕೊಳ್ಳಬೇಕು. ಡೆಲಿವರಿಗೆ ಐದಕ್ಕೆ ಎರಡು.

ಬಂದ ಮೇಲೆ ಶುರುವಾಗುವುದು ಬಾಲದ ಪಾಠ. ಲ್ಯಾಬ್ ಇಲಿಯನ್ನು ಬಾಲ ಹಿಡಿದು ಎತ್ತಿ ಅಭ್ಯಾಸ ಇರುವವರು ಇಲ್ಲಿ ಕೈ ಕಟ್ಟಿಕೊಂಡು ನಿಲ್ಲಬೇಕು. ಜರ್ಬಿಲ್‌ನ ಬಾಲದ ತುದಿ ಅಥವಾ ನಡು ಹಿಡಿದು ಎತ್ತಿದಿರೋ, ಚರ್ಮ ನಿಮ್ಮ ಕೈಯಲ್ಲಿ ಉಳಿಯುತ್ತದೆ, ಪ್ರಾಣಿ ಕೆಳಗೆ ಬೀಳುತ್ತದೆ. ಹಿತಕಿದ ಬೇಳೆ ಮಾಡುವಾಗ ನೆನೆದ ಅವರೆಕಾಳಿನ ಸಿಪ್ಪೆ ಹೇಗೆ ಬೆರಳಿನಲ್ಲಿ ಜಾರಿ ಬರುತ್ತದೋ, ಹಾಗೆ. ಒಳಗಿನ ಕೆಂಪು ಮೂಳೆ ಸಾಲು ಬರಿದಾಗಿ ನಿಂತಿರುತ್ತದೆ. ಅದು ಮತ್ತೆ ಬೆಳೆಯುವುದಿಲ್ಲ, ಒಣಗಿ ಉದುರುತ್ತದೆ. ಬಯಲಿನಲ್ಲಿ ಹದ್ದು, ನರಿ ಬಾಲ ಹಿಡಿದಾಗ ಇದೇ ಅದರ ಜೀವ ಉಳಿಸುವ ಉಪಾಯ. ನಮ್ಮ ಮೇಜಿನ ಮೇಲೆ ಅದೇ ಗಾಯ, ಅದೇ ಇನ್ಸಿಡೆಂಟ್ ರಿಪೋರ್ಟ್. ಎರಡೂ ಕೈ ಬಟ್ಟಲು ಮಾಡಿ ಎತ್ತಿ. ಇಲ್ಲವೇ ಅದು ತಾನಾಗಿ ರಟ್ಟಿನ ಕೊಳವೆಯೊಳಗೆ ಹೋದಾಗ ಕೊಳವೆ ಸಮೇತ ಎತ್ತಿ. ಅದಕ್ಕೆ ಕೊಳವೆಗಳೆಂದರೆ ಪ್ರಾಣ, ತಾನೇ ನುಗ್ಗುತ್ತದೆ.

ಹೊಸಬರನ್ನು ಹೆದರಿಸುವ ಇನ್ನೊಂದು ವಿಷಯ ಫಿಟ್ಸ್. ಕೇಜ್ ಬದಲಿಸಿದ ಕೂಡಲೇ, ಅಥವಾ ತೂಕ ಮಾಡಲು ಎತ್ತಿದಾಗ, ಕೆಲವು ಜರ್ಬಿಲ್‌ಗಳ ಕಿವಿ ಮೊದಲು ಹಿಂದಕ್ಕೆ ಮಲಗುತ್ತದೆ. ಮೀಸೆ ನಡುಗುತ್ತದೆ. ಆಮೇಲೆ ಮೈ ಚಪ್ಪಟೆಯಾಗಿ ಸೆಟೆದು ನಿಂತುಬಿಡುತ್ತದೆ. ಜೋರಾದರೆ ಕೈಕಾಲು ಬಡಿಯುತ್ತದೆ. ಒಂದೆರಡು ನಿಮಿಷ. ಮತ್ತೆ ಎದ್ದು ಏನೂ ಆಗಿಲ್ಲ ಅನ್ನುವ ಹಾಗೆ ಮುಖ ಒರೆಸಿಕೊಳ್ಳುತ್ತದೆ. ಕೆಲವು ಕಾಲನಿಗಳಲ್ಲಿ ಐದಕ್ಕೆ ಒಂದಕ್ಕಿಂತ ಹೆಚ್ಚು ಪ್ರಾಣಿಗಳಿಗೆ ಇದು ಇರುತ್ತದೆ. ಎರಡು ಮೂರು ತಿಂಗಳ ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಮುಟ್ಟಬೇಡಿ, ದೀಪ ತಗ್ಗಿಸಿ, ಕಾಯಿರಿ. ಮರಿಯಾಗಿದ್ದಾಗಲೇ, ಮೊದಲ ಮೂರು ವಾರದಲ್ಲಿ, ಆಗಾಗ ಕೈಗೆತ್ತಿಕೊಂಡ ಪ್ರಾಣಿಗಳಿಗೆ ಇದು ಕಡಿಮೆ. ಇದನ್ನು ಮಾಡಬಲ್ಲವರು ಬ್ರೀಡರ್‌ಗಳು ಮಾತ್ರ. ಮಾಡುತ್ತಾರಾ ಅಂತ ಕೇಳಿ ತಿಳಿದುಕೊಳ್ಳಿ.

ನನಗೆ ಇಲ್ಲಿ ತಮಾಷೆ ಅನ್ನಿಸುವುದು ಇದು. ನಾನು ಯಾವುದನ್ನು ದೋಷ ಅಂತ ರಿಪೋರ್ಟಿನಲ್ಲಿ ಬರೆಯುತ್ತೇನೋ, ಅದಕ್ಕಾಗಿಯೇ ಇನ್ನೊಂದು ಲ್ಯಾಬಿನವರು ದುಡ್ಡು ಕೊಟ್ಟು ಇದನ್ನು ತರಿಸುತ್ತಾರೆ. ಫಿಟ್ಸ್ ಬರುವ ಸಾಲುಗಳನ್ನೇ ಆರಿಸಿ 1970ರ ದಶಕದಲ್ಲಿ ಲಾಸ್ ಏಂಜಲಿಸ್‌ನಲ್ಲಿ ಅಪಸ್ಮಾರದ ಅಧ್ಯಯನಕ್ಕೆ ತಳಿ ಮಾಡಿದರು. ಮಿದುಳಿನ ಬುಡದಲ್ಲಿ ರಕ್ತನಾಳಗಳು ಸೇರಿ ಒಂದು ಉಂಗುರ ಆಗುತ್ತದೆ, ನಮ್ಮಲ್ಲೂ ಇದೆ. ಒಂದು ಕಡೆ ಅಡ್ಡಿಯಾದರೆ ಇನ್ನೊಂದು ಕಡೆಯಿಂದ ರಕ್ತ ಬರಲಿ ಅಂತ. ಬಹಳಷ್ಟು ಜರ್ಬಿಲ್‌ಗಳಲ್ಲಿ ಆ ಉಂಗುರ ಪೂರ್ತಿ ಕೂಡಿರುವುದೇ ಇಲ್ಲ. ಕುತ್ತಿಗೆಯ ರಕ್ತನಾಳ ಕಟ್ಟಿದರೆ ಸಾಕು, ಪಾರ್ಶ್ವವಾಯು. 1966ರಿಂದ ಸ್ಟ್ರೋಕ್ ಸಂಶೋಧಕರಿಗೆ ಇದು ಬೇಕಾದ ಪ್ರಾಣಿ. ಹೊಟ್ಟೆಯ ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಸೋಂಕು ಇಲಿಯಲ್ಲಿ ಅಷ್ಟು ದೂರ ಹೋಗುವುದಿಲ್ಲ. ಜರ್ಬಿಲ್‌ನಲ್ಲಿ ಅದು ಕ್ಯಾನ್ಸರ್‌ವರೆಗೆ ಹೋಗಬಲ್ಲದು ಅಂತ 1998ರಲ್ಲಿ ಜಪಾನಿನವರು ತೋರಿಸಿದರು.

ಆನೆಕಾಲು ರೋಗದ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ, ಕರಾವಳಿಯವರಿಗೆ ಆ ರೋಗ ಹೊಸದಲ್ಲ. ನಮ್ಮಲ್ಲಿ ಅದನ್ನು ತರುವ ವುಚೆರೇರಿಯಾ ಹುಳು ಜರ್ಬಿಲ್‌ನಲ್ಲಿ ಬೆಳೆಯುವುದಿಲ್ಲ. ಆದರೆ ಅದರ ದಾಯಾದಿ ಬ್ರೂಜಿಯಾ ಬೆಳೆಯುತ್ತದೆ, ಅದೂ ಹೊಟ್ಟೆಯ ಪೊರೆಯೊಳಗೆ. ಅಲ್ಲಿಂದ ಮರಿಹುಳು ತೊಳೆದು ತೆಗೆದು ಔಷಧ ಪರೀಕ್ಷೆ ಮಾಡುತ್ತಾರೆ. ಲಖನೌದ ಔಷಧ ಸಂಶೋಧನಾ ಸಂಸ್ಥೆ ಸಿಡಿಆರ್‌ಐನಲ್ಲಿ ಜರ್ಬಿಲ್ ಮತ್ತು ಆಫ್ರಿಕಾ ಮೂಲದ ಮ್ಯಾಸ್ಟೊಮಿಸ್ ಇಲಿಗಳಲ್ಲಿ ಈ ಹುಳು ಸಾಕಿಕೊಂಡು ಬಂದಿದ್ದಾರೆ. ಇಂಥ ಕೆಲಸಕ್ಕೆ ಬೇರೆ ಸುಲಭದ ದಾರಿ ಇಲ್ಲ, ಹಾಗಾಗಿ ಅವರಿಗೆ ನನ್ನ ರಿವ್ಯೂ ಬೇಕಾಗಿಲ್ಲ.

ಉಳಿದವರಿಗೆ, ರೂಮಿನ ಬಗ್ಗೆ. ಇದೇ ಮುಖ್ಯ ಭಾಗ.

ತೇವ ಜರ್ಬಿಲ್‌ನ ಶತ್ರು. ಲ್ಯಾಬ್ ಪ್ರಾಣಿಗಳ ಕೋಣೆಯಲ್ಲಿ ತೇವಾಂಶ 30ರಿಂದ 70 ಶೇಕಡಾ ಇರಬಹುದು ಅಂತ ಮಾರ್ಗದರ್ಶಿ ಹೇಳುತ್ತದೆ. ಜರ್ಬಿಲ್‌ಗೆ 50 ದಾಟಿದರೆ ಸಾಕು, ರೋಮ ಎಣ್ಣೆ ಹತ್ತಿದ ಹಾಗೆ ಅಂಟಿ ಎದ್ದು ನಿಲ್ಲುತ್ತದೆ. ಕಣ್ಣಿನ ಹಿಂದೆ ಹಾರ್ಡರ್ ಅಂತ ಒಂದು ಗ್ರಂಥಿ ಇದೆ. ಅದರ ಕೆಂಪು ಜಿಡ್ಡು ಮೂಗಿನ ಹತ್ತಿರ ಇಳಿಯುತ್ತದೆ. ಬಯಲಿನಲ್ಲಿ ಪ್ರಾಣಿ ಅದನ್ನು ಮೈಗೆ ಹಚ್ಚಿಕೊಳ್ಳುತ್ತದೆ, ಜಾಸ್ತಿಯಾದದ್ದನ್ನು ಮರಳಿನಲ್ಲಿ ಹೊರಳಾಡಿ ಕಳೆದುಕೊಳ್ಳುತ್ತದೆ. ಕೇಜಿನಲ್ಲಿ ಮರಳಿಲ್ಲ. ಜಿಡ್ಡು ಮೂಗಿನ ಸುತ್ತ ಹೆಪ್ಪುಗಟ್ಟಿ ಚರ್ಮ ತುರಿಸಿ, ಕೂದಲು ಉದುರಿ, ಬ್ಯಾಕ್ಟೀರಿಯಾ ಸೇರಿ ಹುಣ್ಣಾಗುತ್ತದೆ. ಮುಲಾಮು ಹಚ್ಚಿದರೆ ವಾಸಿಯಾಗುತ್ತದೆ, ವಾರ ಬಿಟ್ಟು ಮತ್ತೆ ಬರುತ್ತದೆ. ಮರಳಿನ ತಟ್ಟೆ ಇಟ್ಟರೆ ಮುಲಾಮಿನ ಕೆಲಸವೇ ಬಹಳ ಕಡಿಮೆಯಾಗುತ್ತದೆ.

ಮರಳು ಇಡುವುದು ಅಂದರೆ ಸುಮ್ನೆ ಇಡುವುದಲ್ಲ. ಚಿಂಚಿಲ್ಲಾ ಅನ್ನುವ ದಟ್ಟ ರೋಮದ ಸಾಕುಪ್ರಾಣಿಗಳಿಗೆ ಮಾರುವ ನುಣ್ಣನೆಯ ಪುಡಿ ಸಿಗುತ್ತದೆ, ಅದು ಬೇಡ. ಪ್ರಾಣಿ ಒಂದು ಸಲ ಹೊರಳಿದರೆ ಕೇಜಿನ ತುಂಬ ಹೊಗೆ. ಗಾಳಿ ಎಳೆಯುವ ರ‍್ಯಾಕ್‌ನ ಫಿಲ್ಟರ್ ಕಟ್ಟಿಕೊಂಡು ಅಲಾರಂ ಹೊಡೆಯುತ್ತದೆ, ಮೆಂಟೆನೆನ್ಸ್‌ನವರು ಬಂದು ನನ್ನ ಮುಖ ನೋಡುತ್ತಾರೆ. ಮಕ್ಕಳ ಆಟದ ಮರಳು, ತೊಳೆದು ಒಣಗಿಸಿ ಆಟೋಕ್ಲೇವ್‌ನ ಬಿಸಿ ಹಬೆಯಲ್ಲಿ ಶುದ್ಧ ಮಾಡಿದ್ದು, ಕಾಳು ಕಾಳಾಗಿ ಇರುವುದು, ಅದು ಸರಿ. ಅದನ್ನೂ ಕೇಜ್ ತೊಳೆಯುವ ಮೆಷಿನ್‌ಗೆ ಹಾಕುವ ಮುಂಚೆ ಬೇರೆ ತೊಟ್ಟಿಗೆ ಸುರಿಯಬೇಕು. ಇಲ್ಲದಿದ್ದರೆ ಡ್ರೈನ್ ಕಟ್ಟುತ್ತದೆ. ಸ್ಟೀಲಿನ ಭಾರದ ಬಟ್ಟಲೇ ಬೇಕು. ಪ್ಲಾಸ್ಟಿಕ್ ಬಟ್ಟಲನ್ನು ಬೆಳಗಾಗುವುದರೊಳಗೆ ಕಡಿದು ಚೂರು ಮಾಡಿರುತ್ತವೆ.

ಕಡಿಯುವ ವಿಷಯದಲ್ಲಿ ಇವು ರಾಕ್ಷಸರು. ಬಾಟಲಿಯ ರಬ್ಬರ್ ಬಿರಡೆ, ಕೇಜಿನ ಅಂಚು, ಹೆಸರಿನ ಚೀಟಿ, ಎಲ್ಲವೂ ಹಲ್ಲಿಗೆ ಬಂದದ್ದೇ. ಮತ್ತೊಂದು, ನೀರು. ಪ್ರಾಣಿ ಕುಡಿಯುವುದು ದಿನಕ್ಕೆ ಕೆಲವೇ ಮಿಲಿಲೀಟರ್. ಆದರೆ ರಾತ್ರಿ ಎಲ್ಲಾ ತೋಡಿ ತೋಡಿ ಹಾಸನ್ನು ಒಂದು ಮೂಲೆಗೆ ಗುಡ್ಡೆ ಹಾಕುತ್ತದೆ. ಗುಡ್ಡೆ ಬಾಟಲಿಯ ನಳಿಗೆಗೆ ತಾಗಿದರೆ ಮುಗಿಯಿತು, ಬಾಟಲಿಯ ನೀರು ಪೂರಾ ಹಾಸಿನೊಳಕ್ಕೆ ಇಳಿಯುತ್ತದೆ. ಬೆಳಿಗ್ಗೆ ಬಂದರೆ ನೀರಿಲ್ಲದ ಬಾಟಲಿ, ಒದ್ದೆ ಕೇಜ್, ಒದ್ದೆ ಪ್ರಾಣಿ. ತಾನಾಗಿ ನೀರು ಬರುವ ವಾಲ್ವ್ ವ್ಯವಸ್ಥೆ ಇನ್ನೂ ಕೆಟ್ಟದ್ದು, ಬಾಟಲಿಯಾದರೂ ಒಂದು ಹಂತಕ್ಕೆ ಖಾಲಿಯಾಗಿ ನಿಲ್ಲುತ್ತದೆ. ನಳಿಗೆಯನ್ನು ಎತ್ತರದಲ್ಲಿ, ಗುಡ್ಡೆ ಹಾಕುವ ಮೂಲೆಗೆ ಎದುರು ಇಡಿ. ಯಾವ ಮೂಲೆ ಅಂತ ಒಂದೆರಡು ರಾತ್ರಿಯಲ್ಲಿ ಅದೇ ತೋರಿಸುತ್ತದೆ.

ಈ ತೋಡುವುದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು. ಕೇಜಿನ ಮೂಲೆಯಲ್ಲಿ ಮುಂಗಾಲು ಎರಡನ್ನೂ ಬಡಿದು ಬಡಿದು ಗೋಡೆ ಕೆರೆಯುತ್ತಲೇ ಇರುವ ಜರ್ಬಿಲ್ ಅನ್ನು ಯಾರು ನೋಡಿದರೂ, ಪಾಪ, ಅದಕ್ಕೆ ತೋಡಲು ಮಣ್ಣು ಬೇಕು ಅನ್ನುತ್ತಾರೆ. ನಾನೂ ಓದುವ ಮುಂಚೆ ಹಾಗೇ ಹೇಳುತ್ತಿದ್ದೆನೇನೋ. ಸ್ವಿಟ್ಜರ್ಲೆಂಡಿನ ಕ್ರಿಸ್ಟೋಫ್ ವೀಡನ್‌ಮಾಯರ್ 1997ರಲ್ಲಿ ಪ್ರಕಟಿಸಿದ ಪ್ರಯೋಗ ಬೇರೆ ಹೇಳುತ್ತದೆ. ತೋಡಲು ಒಣ ಮರಳು ಕೊಟ್ಟು ಬೆಳೆಸಿದ ಮರಿಗಳೂ ಮೂಲೆ ಕೆರೆಯುವ ಚಟ ಹಚ್ಚಿಕೊಂಡವು. ಒಣ ಮರಳಿನಲ್ಲಿ ಬಿಲ ನಿಲ್ಲುವುದಿಲ್ಲವಲ್ಲ. ಮೊದಲೇ ಮಾಡಿಟ್ಟ ಬಿಲ, ಅಂದರೆ ಕತ್ತಲೆಯ ಒಂದು ಗೂಡು ಮತ್ತು ಅದಕ್ಕೆ ಹೋಗುವ ಸುರಂಗ, ಇರುವ ಕೇಜಿನಲ್ಲಿ ಬೆಳೆದ ಮರಿಗಳಿಗೆ ಆ ಚಟ ಹತ್ತಲಿಲ್ಲ. ಅವಕ್ಕೆ ಬೇಕಾಗಿದ್ದು ತೋಡುವ ಕೆಲಸವಲ್ಲ. ತೋಡಿದ ಮೇಲೆ ಸಿಗುವ ಮನೆ.

ಅದನ್ನು ಓದಿದ ಮೇಲೆ ನಮ್ಮಲ್ಲಿ ಮಾಡಿದ್ದು ಇಷ್ಟೇ. ಬಣ್ಣದ, ಬೆಳಕು ಹೋಗದ ಡಬ್ಬಿ ಒಂದು. ಅದಕ್ಕೆ ಪ್ಲಂಬಿಂಗ್ ಅಂಗಡಿಯ ಪಿವಿಸಿ ಪೈಪು, ನಡುವೆ ಒಂದು ಎಲ್ಬೋ. ಎಲ್ಬೋ ಇಲ್ಲದೆ ನೇರ ಪೈಪು ಹಾಕಿದರೆ ಗೂಡಿನೊಳಗೆ ಬೆಳಕು ಹೋಗುತ್ತದೆ, ಅವು ಪೈಪಿನ ಬಾಯಿಗೆ ರಟ್ಟು ತುರುಕಿ ಮುಚ್ಚಲು ನೋಡುತ್ತವೆ. ತಿರುವು ಇದ್ದರೆ ಒಳಗೆ ಹೋಗಿ, ತಿರುಗಿ, ಮೂಗು ಮಾತ್ರ ಹೊರಗಿಟ್ಟು ನಮ್ಮನ್ನು ನೋಡುತ್ತವೆ. ಅಲ್ಲಿ ಹುಟ್ಟಿದ ಮರಿಗಳು ಮೂಲೆ ಕೆರೆಯುವುದು ನಮ್ಮ ಕಣ್ಣಿಗೆ ಬಿದ್ದಿಲ್ಲ. ದೊಡ್ಡವಾಗಿ ಬಂದ, ಚಟ ಹತ್ತಿದ ಪ್ರಾಣಿಗಳು ಗೂಡು ಕೊಟ್ಟ ಮೇಲೂ ಕೆರೆಯುತ್ತವೆ. ಇದು ಸಪ್ಲೈಯರ್ ಹತ್ತಿರವೇ ಆಗಬೇಕಾದ ಕೆಲಸ ಅಂತ ನಾನು ಹೇಳುವುದು ಇದಕ್ಕೇ.

ಆದರೆ ಈ ಡಬ್ಬಿ ಇಟ್ಟರೆ ಇಲಿಯ ಕೇಜಿನಲ್ಲಿ ಜಾಗ ಎಲ್ಲಿ? ಯುರೋಪಿನ 2010ರ ನಿಯಮದಲ್ಲಿ ಇಲಿಯ ಕೇಜ್ ಕನಿಷ್ಠ 330 ಚದರ ಸೆಂಟಿಮೀಟರ್, ಎತ್ತರ 12. ಜರ್ಬಿಲ್‌ಗೆ 1200, ಎತ್ತರ 18. ಅಮೆರಿಕದಲ್ಲಿ ಅಷ್ಟು ಕೇಳುವುದಿಲ್ಲ. ನಾವು ರ‍್ಯಾಟ್ ಕೇಜ್ ಬಳಸುತ್ತೇವೆ. ಒಂದು ರ‍್ಯಾಕ್‌ಗೆ ಎಷ್ಟು ಇಲಿ ಕೇಜ್ ಹಿಡಿಸುತ್ತಿತ್ತೋ, ಅದರ ಅರ್ಧವೂ ಇವು ಹಿಡಿಸುವುದಿಲ್ಲ. ದಿನದ ಕೇಜ್ ಬಾಡಿಗೆ ಅದಕ್ಕೆ ತಕ್ಕ ಹಾಗೆ. ಕೊಳ್ಳುವ ಬೆಲೆ ನೋಡಿ ಬಜೆಟ್ ಬರೆಯುವವರು ಇಲ್ಲೇ ಜಾರುತ್ತಾರೆ.

ಕಾಗದದ ಕೆಲಸವೂ ಜಾಸ್ತಿ. ಅಮೆರಿಕದ ಪ್ರಾಣಿ ಕಲ್ಯಾಣ ಕಾಯ್ದೆಯಲ್ಲಿ ಸಂಶೋಧನೆಗೆಂದೇ ಬೆಳೆಸಿದ ಇಲಿ, ರ‍್ಯಾಟ್ ಸೇರಿಲ್ಲ, 2002ರಲ್ಲಿ ಕಾನೂನಿನಲ್ಲೇ ಹಾಗೆ ಬರೆದುಬಿಟ್ಟರು. ಜರ್ಬಿಲ್ ಸೇರಿದೆ. ಅಂದರೆ ಕೃಷಿ ಇಲಾಖೆಯ ಇನ್ಸ್‌ಪೆಕ್ಟರ್ ಹೇಳದೆ ಕೇಳದೆ ಬಂದು ರೂಮ್ ನೋಡಬಹುದು, ವರ್ಷಕ್ಕೊಮ್ಮೆ ಎಷ್ಟು ಪ್ರಾಣಿ ಬಳಸಿದಿರಿ ಅಂತ ಲೆಕ್ಕ ಕೊಡಬೇಕು. ಪಕ್ಕದ ರೂಮಿನ ಇಲಿಗೆ ಅದು ಬೇಡ, ಇದಕ್ಕೆ ಬೇಕು ಅನ್ನುವುದು ನನಗೆ ಯಾವತ್ತೂ ಅರ್ಥವಾಗಿಲ್ಲ. ನೋವು ಎರಡಕ್ಕೂ ಒಂದೇ. ಊರಿನಲ್ಲಿ ಪ್ರಾಣಿ ಪ್ರಯೋಗಗಳ ಮೇಲೆ ಕಣ್ಣಿಡುವ ಸಿಸಿಎಸ್‌ಇಎ ಸಮಿತಿಯ ನಿಯಮ ಇಲಿ, ಜರ್ಬಿಲ್ ಎಲ್ಲವನ್ನೂ ಸೇರಿಸಿಕೊಳ್ಳುತ್ತದೆ. ಈ ವಿಷಯದಲ್ಲಿ ನಮ್ಮವರೇ ಮೇಲು.

ನಮ್ಮ ಕಟ್ಟಡದಲ್ಲೇ ಇನ್ನೊಂದು ಲ್ಯಾಬ್ ಸ್ಪೈನಿ ಮೌಸ್ ಇಟ್ಟಿದೆ. ಬೆನ್ನ ಮೇಲೆ ಮುಳ್ಳಿನಂಥ ಒರಟು ಕೂದಲಿರುವ, ಆಫ್ರಿಕಾ ಮತ್ತು ಅರಬ್ ಕಡೆಯ ಕಲ್ಲುಗುಡ್ಡಗಳ ಇಲಿ. ಜರ್ಬಿಲ್‌ಗೆ ಬಾಲ ಮಾತ್ರ ಜಾರಿದರೆ ಇದಕ್ಕೆ ಮೈಯ ಚರ್ಮವೇ ಕಿತ್ತು ಬರುತ್ತದೆ, ಕುತ್ತಿಗೆ ಹಿಡಿದು ಎತ್ತುವ ಹಾಗೇ ಇಲ್ಲ. ಆದರೆ ಗಾಯ ಕಲೆಯಿಲ್ಲದೆ ತುಂಬಿಕೊಳ್ಳುತ್ತದೆ, ಕೂದಲು ಸಮೇತ. ಆಶ್ಲೀ ಸೀಫರ್ಟ್ ಮತ್ತು ಜೊತೆಗಾರರು ಕೀನ್ಯಾದ ಪ್ರಾಣಿಗಳಲ್ಲಿ ಇದನ್ನು ನೋಡಿ 2012ರಲ್ಲಿ ಬರೆದರು. ಕಿವಿಯಲ್ಲಿ 4 ಮಿಲಿಮೀಟರ್ ತೂತು ಹೊಡೆದರೂ ಮುಚ್ಚಿಕೊಳ್ಳುತ್ತದೆ. ವಿಜ್ಞಾನಕ್ಕೆ ಹಬ್ಬ, ನಮಗೆ ತಲೆನೋವು. ಅನಿಮಲ್ ಹೌಸ್‌ನಲ್ಲಿ ಯಾವ ಪ್ರಾಣಿ ಯಾವುದು ಅಂತ ಗುರುತಿಸಲು ಕಿವಿಗೆ ತೂತು ಹಾಕುವುದೇ ವಾಡಿಕೆ. ಇಲ್ಲಿ ಒಂದೆರಡು ತಿಂಗಳಲ್ಲಿ ಗುರುತೇ ಮಾಯ. ಮೈಕ್ರೋಚಿಪ್ ಹಾಕದೆ ಗತಿಯಿಲ್ಲ. ಗರ್ಭ ಸುಮಾರು 39 ದಿನ, ಮರಿ ಎರಡೋ ಮೂರೋ, ಹುಟ್ಟುವಾಗಲೇ ಕಣ್ಣು ತೆರೆದು ಮೈತುಂಬ ಕೂದಲಿಟ್ಟುಕೊಂಡು ಬರುತ್ತವೆ. ಈ ಇಲಿಗೆ ಮುಟ್ಟೂ ಆಗುತ್ತದೆ, ಸುಮಾರು 9 ದಿನದ ಚಕ್ರ. ಇಲಿ ಜಾತಿಯಲ್ಲಿ ಅದನ್ನು ಮೊದಲು ಕಂಡದ್ದು ಆಸ್ಟ್ರೇಲಿಯಾದ ಮೊನಾಷ್ ಯೂನಿವರ್ಸಿಟಿಯಲ್ಲಿ, 2017ರಲ್ಲಿ ಪ್ರಕಟವಾಯಿತು. ಹೆಂಗಸರ ಆರೋಗ್ಯದ ಬಗ್ಗೆ ಕೆಲಸ ಮಾಡುವವರು ಇದನ್ನು ನೋಡಲೇಬೇಕು. ಸಂಖ್ಯೆ ಬೇಗ ಬೇಕು ಅನ್ನುವವರು ನೋಡಬೇಡಿ.

ಸ್ಯಾಂಡ್ ರ‍್ಯಾಟ್ ಅನ್ನು ನಾನು ಸಾಕಿಲ್ಲ, ಆದರೆ ಅದರ ಕತೆಯನ್ನು ಹೊಸ ಟೆಕ್ನಿಷಿಯನ್ ಬಂದಾಗಲೆಲ್ಲಾ ಹೇಳುತ್ತೇನೆ. ಉತ್ತರ ಆಫ್ರಿಕಾ, ಮಧ್ಯಪ್ರಾಚ್ಯದ ಮರುಭೂಮಿಯಲ್ಲಿ ಉಪ್ಪು ತುಂಬಿದ ಅಟ್ರಿಪ್ಲೆಕ್ಸ್ ಗಿಡದ ಎಲೆ ತಿಂದು ಬದುಕುತ್ತದೆ. ಎಲೆಯ ಮೇಲಿನ ಉಪ್ಪಿನ ಪದರವನ್ನು ಹಲ್ಲಿನಿಂದ ಕೆರೆದು ಹಾಕಿ ಉಳಿದದ್ದು ತಿನ್ನುತ್ತದೆ. ಅಲ್ಲಿ ಅದಕ್ಕೆ ಯಾವ ಕಾಯಿಲೆಯೂ ಇಲ್ಲ. ಲ್ಯಾಬಿಗೆ ತಂದು ಇಲಿಗೆ ಹಾಕುವ ಮಾಮೂಲಿ ಗುಳಿಗೆ ತಿನ್ನಿಸಿದರು. ದಪ್ಪಗಾಯಿತು, ಸಕ್ಕರೆ ಕಾಯಿಲೆ ಬಂತು, ಕಣ್ಣಿಗೆ ಪೊರೆ ಬಂತು. ಕ್ನುಟ್ ಷ್ಮಿಟ್-ನೀಲ್ಸನ್ ಮತ್ತು ಜೊತೆಗಾರರು 1964ರಲ್ಲಿ ಇದನ್ನು ಬರೆದ ಮೇಲೆ ಅದು ಡಯಾಬಿಟಿಸ್ ಪ್ರಾಣಿಯಾಯಿತು. ಇನ್ಸುಲಿನ್‌ಗೆ ಬೇಕಾದ ಪಿಡಿಎಕ್ಸ್1 ಎಂಬ ಜೀನ್ ಇದರಲ್ಲಿ ಇಲ್ಲವೇ ಇಲ್ಲ ಅಂತ ಬಹಳ ವರ್ಷ ಅಂದುಕೊಂಡಿದ್ದರು. ಇದೆ, ಗುರುತು ಸಿಗದಷ್ಟು ಬದಲಾಗಿದೆ ಅಂತ 2017ರಲ್ಲಿ ಗೊತ್ತಾಯಿತು. ಇದನ್ನು ಹೇಳಿ ಮುಗಿಸಿ ನಾನು ಹೊಸಬರಿಗೆ ಜರ್ಬಿಲ್ ಮೇವಿನ ಚೀಲ ತೋರಿಸುತ್ತೇನೆ. ಸೂರ್ಯಕಾಂತಿ ಬೀಜ ಕಂಡರೆ ಇವು ಬೇರೆಯದನ್ನು ಮುಟ್ಟುವುದಿಲ್ಲ. ಅದರಲ್ಲಿ ಕ್ಯಾಲ್ಸಿಯಂ ಕಡಿಮೆ, ಕೊಬ್ಬು ಜಾಸ್ತಿ. ಮುದ್ದಿಗೆ ಅಂತ ಯಾರೂ ಬೀಜ ತಂದು ಹಾಕಕೂಡದು.

ಮರಿ ಮಾಡಿಸುವುದಾದರೆ: ಒಂದು ಗಂಡು, ಒಂದು ಹೆಣ್ಣು, ಬದುಕಿರುವವರೆಗೂ ಅದೇ ಜೋಡಿ. ಎಂಟು ವಾರದ ಆಸುಪಾಸಿನಲ್ಲಿ ಜೊತೆ ಮಾಡಿ. ಗರ್ಭ 24ರಿಂದ 26 ದಿನ, ಸಾಧಾರಣ ಐದು ಮರಿ. ಅಪ್ಪನನ್ನು ತೆಗೆಯಬೇಡಿ, ಮರಿ ಬೆಚ್ಚಗಿಡುವುದರಲ್ಲಿ ಅವನ ಪಾಲೂ ಇದೆ. ಜೋಡಿಯಲ್ಲಿ ಒಂದು ಸತ್ತರೆ ಇನ್ನೊಂದಕ್ಕೆ ಹೊಸ ಜೊತೆ ಹುಡುಕುವುದು ಕಷ್ಟ, ಜಗಳವೇ ಜಾಸ್ತಿ. ಜೀನ್ ಬದಲಿಸಿದ ತಳಿ, ಪರೀಕ್ಷೆಗೆ ಬೇಕಾದ ಆಂಟಿಬಾಡಿ ಇಲಿಗೆ ಸಿಗುವಷ್ಟು ಇದಕ್ಕೆ ಸಿಗುವುದಿಲ್ಲ. ಜೀನೋಮ್ ಓದಿದ್ದೇ 2018ರಲ್ಲಿ.

ಬೆಂಗಳೂರು, ಮೈಸೂರಿನ ಲ್ಯಾಬಿನವರು ಮಳೆಗಾಲದ ತೇವಕ್ಕೆ ಡಿಹ್ಯುಮಿಡಿಫೈಯರ್ ಇಡಿ. ಮಂಗಳೂರಿನವರು ಎರಡು ಇಡಿ, ಕರೆಂಟ್ ಹೋದಾಗ ಜನರೇಟರ್‌ಗೆ ಅವೂ ಸೇರಿರಲಿ. ನಮ್ಮ ಹೊಲಗಳಲ್ಲೇ ಇದರ ನೆಂಟ, ಇಂಡಿಯನ್ ಜರ್ಬಿಲ್ ಇದೆಯಲ್ಲ, ಅದನ್ನೇ ಹಿಡಿದು ಸಾಕಬಾರದಾ ಅಂತ ಒಬ್ಬ ವಿದ್ಯಾರ್ಥಿ ಕೇಳಿದ್ದ. ಬೇಡ. ದಕ್ಷಿಣದಲ್ಲಿ ಪ್ಲೇಗ್ ರೋಗಾಣುವನ್ನು ಬಿಲದಲ್ಲಿ ಉಳಿಸಿಕೊಳ್ಳುವ ಪ್ರಾಣಿ ಅದು. ಅದರ ಮೇಲೆ ಕಣ್ಣಿಡಲೆಂದೇ ಬೆಂಗಳೂರಿನಲ್ಲಿ ಕೇಂದ್ರ ಸರ್ಕಾರದ ಪ್ಲೇಗ್ ಘಟಕ ಇದೆ.

ಒಟ್ಟು ಅಂಕ: ಪ್ರಾಣಿಗೆ ನಾಲ್ಕೂವರೆ. ಸಪ್ಲೈಯರ್‌ಗೆ ಎರಡು. ಜೊತೆಗೆ ಮಾರುವ ಕೇಜ್ ಸೆಟ್‌ಗೆ ಒಂದು, ಅದೂ ಮುಚ್ಚಳ ಗಟ್ಟಿ ಇದೆ ಅಂತ. ಕಿವಿ, ಸ್ಟ್ರೋಕ್, ಹುಳು, ಈ ಮೂರರಲ್ಲಿ ಒಂದು ನಿಮ್ಮ ಕೆಲಸವಾದರೆ ತರಿಸಿ. ಬರೀ ಇಲಿಗಿಂತ ಬೇರೆ ಏನಾದರೂ ಇರಲಿ ಅಂತಾದರೆ ತರಿಸಬೇಡಿ. ಆರ್ಡರ್ ಮಾಡುವಾಗ ಒಂದೇ ಹೆರಿಗೆಯ ಮರಿಗಳನ್ನು ಒಟ್ಟಿಗೆ, ಬೇರೆಯವನ್ನು ಬೇರೆ ಖಾನೆಯಲ್ಲಿ ಕಳಿಸಿ ಅಂತ ಬರವಣಿಗೆಯಲ್ಲಿ ಹಾಕಿ. ಮರಿಗಳನ್ನು ಕೈಗೆತ್ತಿಕೊಂಡು ಬೆಳೆಸಿದ್ದೀರಾ, ಗೂಡು ಮತ್ತು ಕೊಳವೆ ಇತ್ತಾ ಅಂತ ಕೇಳಿ. ಸೇಲ್ಸ್‌ನವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಬ್ರೀಡಿಂಗ್ ರೂಮಿನವರಿಗೆ ಫೋನ್ ಕೊಡಿ ಅನ್ನಿ. ಅವರಿಗೆ ಗೊತ್ತಿರುತ್ತದೆ.